ಬೇವಿನ ಮರದ ಹತ್ತಿರ ನಿಲ್ಲುವ ಗಾಡಿ

18 ನವೆಂಬರ್ 2024, ಸೋಮವಾರ

ಡಿಪೋದಲ್ಲಿ ಮೂವತ್ತನಾಲ್ಕು ವರ್ಷ ಒಂದೇ ಪದ್ಧತಿ. ಡ್ಯೂಟಿ ಮುಗಿಸಿ ಬಸ್ಸು ಒಳಗೆ ಹಾಕಿದ ಮೇಲೆ ಡ್ರೈವರ್ ದೂರು ಪುಸ್ತಕದಲ್ಲಿ ಬರೆಯಬೇಕು. ಬ್ರೇಕ್ ಬಿಗಿ ಇದೆ, ಎಡಗಡೆ ದೀಪ ಇಲ್ಲ, ಸರಿಪಡಿಸುವುದು. ಮರುದಿನ ಬಂದರೆ ಬ್ರೇಕ್ ಸರಿಯಾಗಿರುತ್ತದೆ, ದೀಪ ಉರಿಯುತ್ತಿರುತ್ತದೆ. ಯಾರು ಮಾಡಿದರು, ಹೇಗೆ ಮಾಡಿದರು ಎಂದು ನಾನು ಒಮ್ಮೆಯೂ ಕೇಳಿದವನಲ್ಲ. ಬರೆಯುವುದು ನನ್ನ ಕೆಲಸ, ರಿಪೇರಿ ಅವರ ಕೆಲಸ. ನಿವೃತ್ತಿಯ ದಿನ ಹಾರ, ಶಾಲು ಎಲ್ಲ ಮುಗಿದ ಮೇಲೆ ಒಂದು ಹೊಸ ದೂರು ಪುಸ್ತಕ ಕೇಳಿ ತಂದಿದ್ದೆ. ಅದರಲ್ಲೇ ಇದನ್ನು ಬರೆಯುತ್ತಿದ್ದೇನೆ. ಸಕ್ರವ್ವನಿಗೆ ಓದಲು ಕೊಡುವುದಿಲ್ಲ. ಹೆಂಡತಿಯಾದರೂ ಅವಳು ಡಿಪೋದವಳಲ್ಲ.

ಕಾರು ಇವತ್ತು ಮನೆಗೆ ಬಂತು. ಬಿಳಿ ಬಣ್ಣದ್ದು, ಸಣ್ಣದು, ನನ್ನ ಸರ್ವಿಸ್ಸಿಗಿಂತ ಏಳು ವರ್ಷ ಚಿಕ್ಕದು. ಸಕ್ರವ್ವನ ಮೊಣಕಾಲಿಗೆ ಈಗ ಬಸ್ಸಿನ ಮೆಟ್ಟಿಲು ಹತ್ತಲು ಆಗುವುದಿಲ್ಲ. ಎರಡು ವರ್ಷದಿಂದ ಕನಮಡಿಗೆ, ಅಕ್ಕ ಹೊಳೆವ್ವನ ಮನೆಗೆ ಹೋಗಿಲ್ಲ. ಎಳ್ಳಮಾವಾಸ್ಯೆಗೆ ಅಕ್ಕತಂಗಿಯರಿಬ್ಬರೂ ಹೊಲದಲ್ಲಿ ಕೂಡಿ ಚರಗ ಚೆಲ್ಲುವುದು, ಅಂದರೆ ನೈವೇದ್ಯದ ಅಡುಗೆಯನ್ನು ಭೂಮಿತಾಯಿಗೆ ಎರಚುವುದು, ಅವರ ಮದುವೆಗೂ ಮೊದಲಿನ ರೂಢಿ. ಎರಡು ವರ್ಷ ಅದು ತಪ್ಪಿದೆ. ಬಾಡಿಗೆ ಗಾಡಿ ಮಾಡೋಣ ಎಂದಿದ್ದಕ್ಕೆ, "ಡ್ರೈವರ್‌ನ ಹೇಂತಿ ಆಗಿ ಮಂದಿ ಗಾಡ್ಯಾಗ ಹೋಗ್ಲೇನು? ಅಕ್ಕ ಏನಂದಾಳು?" ಎಂದಳು. ಅದಕ್ಕೇ ಈ ಕಾರು.

ಸಂಜೆ ತೊಳೆದು ಒರೆಸಿದೆ. ಪೆಟ್ರೋಲ್ ಟಾಕಿಯ ಮುಚ್ಚಳದಲ್ಲಿ ಸೂಜಿ ಹೋಗುವಷ್ಟು ತೂತಿತ್ತು. ಹಳೇ ಮಾಲೀಕ ಎಷ್ಟು ವರ್ಷದಿಂದ ಪೆಟ್ರೋಲನ್ನು ಗಾಳಿಗೆ ಬಿಡುತ್ತಿದ್ದನೋ ಏನೋ. ಅಯೂಬನ ಟೈರ್ ಅಂಗಡಿಯಿಂದ ಪಂಕ್ಚರ್ ತೇಪೆ ತಂದು ಒಳಗಿನಿಂದ ಅಂಟಿಸಿ, ಸುತ್ತ ಸೈಕಲ್ ಟ್ಯೂಬಿನ ರಿಂಗು ಹಾಕಿ ಬಿಗಿದೆ. ಈಗ ವಾಸನೆಯೂ ಹೊರಗೆ ಬರುವುದಿಲ್ಲ. ಇಂಧನ ಉಳಿತಾಯಕ್ಕೆ ಮೂರು ಸಲ ಸನ್ಮಾನ ಮಾಡಿಸಿಕೊಂಡವನ ಕೈ ಸುಮ್ಮನಿರುತ್ತದೆಯೇ.

ದೂರು: ಏನೂ ಇಲ್ಲ.

21 ನವೆಂಬರ್, ಗುರುವಾರ

ಕನಮಡಿಗೆ ಹೋಗುವ ಮೊದಲು ವಿಜಯಪುರದಿಂದ ಅದೇ ದಾರಿಯ ಟಿಕೋಟಾದವರೆಗೆ ಹೋಗಿ ನೋಡೋಣ ಎಂದು ಹೊರಟೆವು. ಸಕ್ರವ್ವ ಹಿಂದಿನ ಸೀಟಿನಲ್ಲಿ ಕುಳಿತಳು. ಬಸ್ಸಿನಲ್ಲೂ ಹಿಂದೆಯೇ ಕೂರುತ್ತಿದ್ದಳು. ಊರು ದಾಟುತ್ತಿದ್ದಂತೆ ಮಾತು ಶುರುವಾಯಿತು. ಆ ಮನೆ ಯಾರದು, ಈ ಹೊಲದಲ್ಲಿ ಜೋಳ ಯಾಕೆ ಇಷ್ಟು ಗಿಡ್ಡ. ನಾನು ಹೇಳಿದೆ: "ಗಾಡಿ ಹೊಡಿವಾಗ ಡ್ರೈವರ್ ಜೋಡಿ ಮಾತಾಡಬಾರದು." ಬಸ್ಸಿನಲ್ಲಿ ನನ್ನ ತಲೆಯ ಹಿಂದೆ ಅದೇ ಬರೆದ ಬೋರ್ಡು ಇರುತ್ತಿತ್ತು. ಅವಳು ಕಿಟಕಿಯ ಕಡೆ ತಿರುಗಿ ಕುಳಿತಳು.

ಟಿಕೋಟಾ ಇನ್ನೇನು ಬಂತು ಎನ್ನುವಾಗ ಗಾಡಿ ನಾಲ್ಕು ಸಲ ಗುಟುಕು ಗುಟುಕು ಹಾಕಿ ನಿಂತಿತು. ರಸ್ತೆ ಬದಿಯಲ್ಲಿ ಬೇವಿನ ಮರ, ಅದರ ಕೆಳಗೆ ನೀಲಾಬಾಯಿಯ ಚಹಾದ ಗೂಡಂಗಡಿ. ಈ ದಾರಿಯಲ್ಲಿ ಸಾವಿರಾರು ಸಲ ಹೋಗಿದ್ದೇನೆ, ಆ ಅಂಗಡಿಯಲ್ಲಿ ಒಮ್ಮೆಯೂ ಕುಳಿತಿರಲಿಲ್ಲ. ಬಾನೆಟ್ ಎತ್ತಿ ಒಳಗೆ ನೋಡಿದೆ. ಎಲ್ಲ ಇದ್ದವು. ಯಾವುದು ಯಾವುದೆಂದು ನನಗೆ ಗೊತ್ತಿರಲಿಲ್ಲ. ಮೂವತ್ತನಾಲ್ಕು ವರ್ಷದ ಡ್ರೈವರ್ ಎಂದು ಯಾರಿಗೂ ಹೇಳದಿರಲಿ ಎಂದು ಸಕ್ರವ್ವನಿಗೆ ಕಣ್ಣಲ್ಲೇ ಹೇಳಿದೆ. ಅವಳು ನೀಲಾಬಾಯಿಗೆ ಮೊದಲು ಹೇಳಿದ್ದೇ ಅದನ್ನು.

ಅರ್ಧ ಗಂಟೆ ಬಿಟ್ಟು ಕೀಲಿ ತಿರುಗಿಸಿದರೆ ತಾನಾಗಿಯೇ ಶುರುವಾಯಿತು. ಹೆದರಿ ಮನೆಗೆ ತಿರುಗಿಸಿದೆ.

ಸಕ್ರವ್ವ ಇಳಿಯುವಾಗ ಹೇಳಿದಳು: "ಈ ಸಲ ಎಳ್ಳಮಾಸಿಗಿ ಬರ್ತೀನಂತ ಅಕ್ಕಗ ಮಾತ ಕೊಟ್ಟೇನಿ. ಈ ಗಾಡಿ ನನ್ನ ಮುಟ್ಟಸಲಿಲ್ಲಂದ್ರ ಮಾರಿಬಿಡ್ರಿ. ಇನ್ನ ಅಕ್ಕನ್ನ ಫೋನಿನ್ಯಾಗ ನೋಡೂದಷ್ಟ."

ದೂರು: ಗಾಡಿ ನಿಲ್ಲುತ್ತದೆ. ಸರಿಪಡಿಸುವುದು.

ಬರೆದ ಮೇಲೆ ನೆನಪಾಯಿತು, ಬೆಳಿಗ್ಗೆ ಬಂದು ಸರಿಪಡಿಸುವವರು ಯಾರೂ ಇಲ್ಲ.

22 ನವೆಂಬರ್, ಶುಕ್ರವಾರ

ಅಯೂಬನ ಬಳಿಯೂ ಇದೇ ಮಾದರಿಯ ಕಾರಿದೆ. ವಿಜಯಪುರದಿಂದ ಬಬಲೇಶ್ವರದವರೆಗೆ ಈ ಗಾಡಿ ಇರುವವರೆಲ್ಲ ಸೇರಿ ಮೊಬೈಲಿನಲ್ಲಿ 'ನಮ್ಮ ಹಳೇ ಗಾಡಿ' ಎಂಬ ಗುಂಪು ಮಾಡಿಕೊಂಡಿದ್ದಾರೆ. ಅದರಲ್ಲಿ ನನ್ನನ್ನೂ ಸೇರಿಸಿದ. ನಾನು ನಿಯಮದ ಪ್ರಕಾರ ಬರೆದೆ: "ಗಾಡಿ ನಿಲ್ಲುತ್ತದೆ. ಸರಿಪಡಿಸುವುದು."

ಒಂದು ಗಂಟೆಯ ಮೇಲೆ ಮುಬೀನ ಎಂಬ ಟೀಚರ್ ಉತ್ತರ ಬರೆದರು: "ಯಾರು ಸರಿಪಡಿಸಬೇಕ್ರಿ ಕಾಕಾ?"

ಹಲ್ಲು ಕಾಣುವಂತೆ ನಗುವ ಮುಖಗಳು ಹನ್ನೊಂದು ಬಂದವು. ಎಣಿಸಿದೆ.

25 ನವೆಂಬರ್, ಸೋಮವಾರ

ಅಯೂಬ ಬಂದು ಬ್ಯಾಟರಿ ತೋರಿಸಿದ. ವಯರು ಕೂಡುವ ತುದಿಯಲ್ಲಿ ಬಿಳಿ, ಹಸಿರು ಪುಡಿ ಕಟ್ಟಿತ್ತು. ಬಿಸಿನೀರಿಗೆ ಅಡಿಗೆ ಸೋಡಾ ಹಾಕಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಲು ಹೇಳಿದ. ನಾನೇ ತಿಕ್ಕಿದೆ. ನೊರೆ ಬಂದು ಹಿತ್ತಾಳೆಯಂತೆ ಹೊಳೆಯಿತು. ಕೀಲಿ ತಿರುಗಿಸಿದ ಕೂಡಲೇ ಗಾಡಿ ಶುರುವಾಯಿತು.

"ಇಷ್ಟ ಆಗಿತ್ತು ನೋಡ್ರಿ ರಾಮಲಿಂಗಣ್ಣ," ಎಂದ ಅಯೂಬ.

ನನ್ನ ಕೈಯಿಂದ ಆದ ಮೊದಲ ರಿಪೇರಿ. ಬ್ರಷ್ಷನ್ನು ತೊಳೆದು ಎತ್ತಿಟ್ಟಿದ್ದೇನೆ. ಅದು ಹಳೆಯದಲ್ಲ, ಹೊಸದು ಎಂದು ಸಕ್ರವ್ವ ಆಮೇಲೆ ಹೇಳಿದಳು.

1 ಡಿಸೆಂಬರ್, ರವಿವಾರ

ಒಬ್ಬನೇ ಹೋದೆ. ಬೇವಿನ ಮರದ ಹತ್ತಿರವೇ ನಿಂತಿತು. ನೀಲಾಬಾಯಿ ಕೇಳದೆಯೇ ಚಹಾ ಕೊಟ್ಟಳು.

ಬಿಜ್ಜರಗಿಯ ಅಮೋಘಸಿದ್ದ ಅದೇ ದಾರಿಯಲ್ಲಿ ಬಂದು ನಿಲ್ಲಿಸಿದ. ದ್ರಾಕ್ಷಿ ತೋಟದವನು, ಗುಂಪಿನವನೇ, ಅವನದೂ ಇದೇ ಕಾರು. ನನ್ನ ಮುಖ ನೋಡಿ ನಕ್ಕ. "ಡ್ರೈವರ್ ಸಾಹೇಬ್ರ, ನಿಮ್ಮ ಬಸ್ಸಿಗಿ ಬಿಜ್ಜರಗಿ ಕ್ರಾಸಿನ್ಯಾಗ ಎಷ್ಟ ಸಲ ಕೈ ಮಾಡೇನಿ. ಒಂದ ಸಲಾನೂ ನಿಲ್ಲಸಿಲ್ಲ ನೀವು. ಈಗ ನೋಡ್ರಿ, ನಿಲ್ಲಸದಿದ್ರೂ ನಿಲ್ತೈತಿ." ಎಕ್ಸ್‌ಪ್ರೆಸ್ ಬಸ್ಸಿಗೆ ಅಲ್ಲಿ ಸ್ಟಾಪ್ ಇರಲಿಲ್ಲ ಎಂದೆ. ಆದರೂ ಮುಖ ಸಣ್ಣದಾಯಿತು.

ಅವನ ಪ್ರಕಾರ ಪೆಟ್ರೋಲ್ ಪಂಪು ಕಾದು ಒಳಗೆ ಪೆಟ್ರೋಲ್ ಆವಿಯಾಗುತ್ತದೆ. ಹೆಗಲ ಮೇಲಿನ ಟವೆಲ್ ನೆನೆಸಿ ಪಂಪಿನ ಮೇಲೆ ಹಾಕಿದ. ತಾಸರ್ಧ ತಾಸು ದ್ರಾಕ್ಷಿ ಗೊನೆಯ ವಿಷಯ ಹೇಳಿದ. ಆಮೇಲೆ ಶುರು ಮಾಡಿದರೆ ಶುರುವಾಯಿತು. ಟವೆಲ್ ಅವನದೇ, ನನಗೇ ಬಿಟ್ಟು ಹೋದ.

ಕ್ರಮ: ಒದ್ದೆ ಬಟ್ಟೆ. ಸರಿಹೋಗಿದೆ.

5 ಡಿಸೆಂಬರ್, ಗುರುವಾರ

ಸರಿಹೋಗಿಲ್ಲ.

ಮೂರು ಒದ್ದೆ ಬಟ್ಟೆ, ಒಂದು ಕೊಡ ನೀರು, ಸಕ್ರವ್ವ, ಇಷ್ಟನ್ನೂ ಇಟ್ಟುಕೊಂಡು ಹೊರಟಿದ್ದೆ. ಊರ ಹೊರಗಿನ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದೆ. ಅಲ್ಲಿಯವನು ಮುಚ್ಚಳ ತೆಗೆಯಲು ತಿಣುಕಿದ. ಎಷ್ಟು ಬಿಗಿ ಇದೆ ನೋಡಿ ಎಂದು ನನಗೆ ಹೆಮ್ಮೆಯೇ ಆಯಿತು. ತೆಗೆದಾಗ ಸುಯ್ ಎಂದು ಸಪ್ಪಳವಾಯಿತು.

"ಏನ್ರೀ ಅದು? ಉಸಿರ ಎಳಕೊಂಡಂಗ ಆತು," ಎಂದಳು ಹಿಂದಿನಿಂದ ಸಕ್ರವ್ವ.

"ನೀ ಸುಮ್ಮ ಕುಂದ್ರು," ಎಂದೆ.

ಬೇವಿನ ಮರದವರೆಗೂ ಸುಮ್ಮನೆ ಕುಳಿತಳು. ಅಲ್ಲಿ ಗಾಡಿಯೂ ಸುಮ್ಮನಾಯಿತು. ಬಟ್ಟೆ ಹಾಕಿದೆ, ನೀರು ಸುರಿದೆ. ಅವಳು ನೀಲಾಬಾಯಿಯ ಹತ್ತಿರ ಕುಳಿತು, ಸೊಸೆಯ ಬಾಣಂತನದಿಂದ ಹಿಡಿದು ಎಮ್ಮೆಯ ಹಾಲಿನವರೆಗೆ ಎಲ್ಲ ಕೇಳಿಕೊಂಡಳು. ನನಗೂ ಒಂದು ಕಪ್ಪು ತಂದು ಕೊಟ್ಟು ಪಕ್ಕದ ಕಲ್ಲಿನ ಮೇಲೆ ಕುಳಿತಳು. ಹೊರಗೆ ಹೀಗೆ ಇಬ್ಬರೇ ಕುಳಿತು ಚಹಾ ಕುಡಿದದ್ದು ಯಾವಾಗ ಎಂದು ಯೋಚಿಸಿದೆ. ನೆನಪಾಗಲಿಲ್ಲ. ಇದು ದೂರು ಪುಸ್ತಕದಲ್ಲಿ ಬರೆಯುವ ವಿಷಯವಲ್ಲ.

10 ಡಿಸೆಂಬರ್, ಮಂಗಳವಾರ

ಮುಬೀನ ಟೀಚರ್ ಬಬಲೇಶ್ವರದ ಶಾಲೆಯಲ್ಲಿ ಗಣಿತ ಕಲಿಸುತ್ತಾರೆ. ದಿನವೂ ಇದೇ ಕಾರಿನಲ್ಲಿ ವಿಜಯಪುರದಿಂದ ಹೋಗಿ ಬರುತ್ತಾರೆ. ಮಧ್ಯಾಹ್ನದ ಬಿಡುವಿನಲ್ಲಿ ಗಾಡಿ ತೋರಿಸಿ ಎಂದಿದ್ದರು. ಟಿಕೋಟಾ ರಸ್ತೆಯದೇ ದೋಷವಿರಬಹುದು ಎಂದು ಅಯೂಬ ಮೊನ್ನೆ ಹೇಳಿದ್ದ. ಬಬಲೇಶ್ವರದ ದಾರಿಯಲ್ಲಿ ಜೈನಾಪುರದ ಹತ್ತಿರವೂ ಗಾಡಿ ನಿಂತಾಗ ಆ ಮಾತು ಸುಳ್ಳಾಯಿತು. ಅಲ್ಲಿ ಚಹಾದ ಅಂಗಡಿಯೂ ಇರಲಿಲ್ಲ.

ಟೀಚರ್ ಸೀರೆಯ ಸೆರಗು ಸಿಕ್ಕಿಸಿ ಬಾನೆಟ್ಟಿನೊಳಗೆ ಕೈ ಹಾಕಿದರು. ಪೆಟ್ರೋಲ್ ಸೋಸುವ ಸಣ್ಣ ಫಿಲ್ಟರ್ ತೆಗೆದು ಊದಿ ನೋಡಿದರು. ಸ್ವಚ್ಛವಿತ್ತು. ಪ್ಲಗ್ಗು ನೋಡಿದರು, ಅವೂ ಸರಿ. ಆಮೇಲೆ ಕೇಳತೊಡಗಿದರು. "ಒಮ್ಮಿಗೇ ನಿಲ್ತೈತೋ, ಗುಟುಕು ಹಾಕಿ ನಿಲ್ತೈತೋ? ಏರಿನ್ಯಾಗೋ, ಸಪಾಟಿನ್ಯಾಗೋ? ಎಷ್ಟ ಹೊತ್ತಿಗಿ ಮತ್ತ ಚಾಲೂ ಆಗ್ತೈತಿ?" ನಾನು ಹೇಳಿದ್ದನ್ನೆಲ್ಲ ಕೇಳಿ ಅಂದರು: "ಪೆಟ್ರೋಲ್ ಇಂಜಿನ್ನಿಗಿ ಮುಟ್ಟವಲ್ದು ಕಾಕಾ. ಎಲ್ಲಿ ತಡಿಯಾಕತ್ತೈತಿ ಅನ್ನೂದಷ್ಟ ಗೊತ್ತಾಗವಲ್ದು. ಗಾಡಿ ತಂದ ಮ್ಯಾಲ ನೀವು ಏನೇನ ಮಾಡೀರಿ, ಎಲ್ಲಾ ಬರದು ಕಳಸ್ರಿ."

ಮನೆಗೆ ಬಂದು ಕಳಿಸಿದೆ. ಬ್ಯಾಟರಿ ತಿಕ್ಕಿದ್ದು, ಒದ್ದೆ ಬಟ್ಟೆ, ನೀರು. ಮುಚ್ಚಳದ ವಿಷಯ ಬರೆಯಲಿಲ್ಲ. ಅದು ದೋಷವಲ್ಲ, ಸುಧಾರಣೆ.

14 ಡಿಸೆಂಬರ್, ಶನಿವಾರ

ಇವತ್ತೂ ನಿಂತಿತು. ಗುಂಪಿನಲ್ಲಿ ಒಬ್ಬ ಕಾರ್ಬೊರೇಟರ್ ಎಂದ, ಇನ್ನೊಬ್ಬ ಕಾಯಿಲ್ ಎಂದ, ಮತ್ತೊಬ್ಬ ನಿಂಬೆಹಣ್ಣು ಕಟ್ಟಿರಿ ಎಂದ. ಕಟ್ಟಿದೆ.

ಸಂಜೆ ಸಕ್ರವ್ವ ಹೊಳೆವ್ವನಿಗೆ ಫೋನು ಮಾಡುತ್ತಿದ್ದಳು. "ಈ ಸಲಾನೂ ಆಗೂದಿಲ್ಲ ಅನಸ್ತೈತಿ ಅಕ್ಕಾ. ಪಾಪ, ಅವರೂ ಭಾಳ ಬಡದಾಡಾಕತ್ತಾರ. ಅವರಿಗೇನೂ ಅನ್ನಬ್ಯಾಡ." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೀಗೆ ವಹಿಸಿಕೊಂಡು ಮಾತಾಡಿದ್ದು ಕೇಳಿ ಎದ್ದು ಗಾಡಿಯ ಹತ್ತಿರ ಹೋಗಿ ನಿಂತೆ. ಇಷ್ಟು ಮಂದಿಯನ್ನು ದಿನವೂ ಊರು ಮುಟ್ಟಿಸಿದವನಿಗೆ ಇವಳೊಬ್ಬಳನ್ನು ಮುಟ್ಟಿಸಲು ಆಗುತ್ತಿಲ್ಲ.

15 ಡಿಸೆಂಬರ್, ರವಿವಾರ

ಇವತ್ತು ಗಾಡಿಗೆ ಕೈ ಹಚ್ಚಲಿಲ್ಲ.

17 ಡಿಸೆಂಬರ್, ಮಂಗಳವಾರ

ಕಾಯಿಪಲ್ಲೆ ತರಲು ಬಜಾರಕ್ಕೆ ಹೋಗಿದ್ದೆ. ಫೋನು ಮನೆಯಲ್ಲಿ ಚಾರ್ಜಿಗೆ ಇತ್ತು. ಬಂದು ನೋಡಿದರೆ ಗುಂಪಿನಲ್ಲಿ ಅರವತ್ತೊಂದು ಸಂದೇಶ. ಎಲ್ಲಕ್ಕೂ ಮೇಲೆ ನನ್ನದೇ ಹೆಸರಿನಲ್ಲಿ ಒಂದು ಧ್ವನಿ ಸಂದೇಶ. ಒತ್ತಿದೆ. ಸಕ್ರವ್ವನ ದನಿ.

"ನಮಸ್ಕಾರ್ರಿ ಎಲ್ಲಾರಿಗೂ. ನಾ ಸಕ್ರವ್ವ, ರಾಮಲಿಂಗ ಡ್ರೈವರ್ ಅವರ ಮನಿಯಾಕಿ. ಇವರು ನಿಮಗ ಒಂದ ಮಾತ ಹೇಳಿಲ್ಲ. ಗಾಡಿ ತಂದ ದಿನಾನ ಪೆಟ್ರೋಲ್ ಟಾಕಿ ಮುಚ್ಚಳದಾಗಿನ ತೂತಿಗಿ ಪಂಕ್ಚರ್ ತೇಪಿ ಹಚ್ಚ್ಯಾರ. ಸುತ್ತ ಸೈಕಲ್ ಟ್ಯೂಬ್ ಹಾಕ್ಯಾರ. ಬಂಕಿನ್ಯಾಗ ಮುಚ್ಚಳ ತಗದ್ರ ಉಸಿರ ಎಳಕೊಂಡಂಗ ಸಪ್ಪಳಾಗ್ತೈತಿ. ಇವತ್ತ ನಾ ಎಣ್ಣಿ ಡಬ್ಬಿ ಒಡದ್ನಿ. ಒಂದ ತೂತ ಹಾಕಿದ್ರ ಎಣ್ಣಿ ಗುಳುಗುಳು ಅಂದು ನಿಂತಬಿಡ್ತು. ಆ ಕಡಿ ಇನ್ನೊಂದ ತೂತ ಹಾಕಿದ್ನಿ, ಧಾರಿ ಹಿಡದು ಬಂತು. ಗಾಡಿಗೂ ಹಂಗ ಇರಬಹುದೇನ್ರಿ? ನಾ ಓದಿದಾಕಿ ಅಲ್ಲ. ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋರಿ."

ಕೆಳಗೆ ಮುಬೀನ ಟೀಚರ್: "ಕಾಕು, ನೀವು ಹೇಳಿದ್ದ ಖರೆ. ಪೆಟ್ರೋಲ್ ಹೋದ ಜಾಗಾಕ ಗಾಳಿ ಬರಬೇಕು. ಗಾಳಿ ಬರಾಕ ಇರೂ ತೂತ ಅದು. ಅದನ್ನ ಮುಚ್ಚಿದ್ರ ಟಾಕಿ ಪೆಟ್ರೋಲ್ ಬಿಡೂದಿಲ್ಲ. ನಿಂತ ಮ್ಯಾಲ ಸಂದಿಯಿಂದ ಸಾವಕಾಶ ಗಾಳಿ ಒಳಗ ಹೋಗಿ ಮತ್ತ ಚಾಲೂ ಆಗ್ತೈತಿ. ಕಾಕಾ, ಏನೇನ ಮಾಡೀರಿ ಬರೀರಿ ಅಂದ್ರ ಇದನ್ನ ಯಾಕ ಬರೀಲಿಲ್ಲ?"

ಅಯೂಬ: "ಆ ತೇಪಿ ನನ್ನ ಅಂಗಡೀದು. ಸೈಕಲ್ಲಿಗಿ ಅಂತ ತಿಳದು ಕೊಟ್ಟೇನಿ. ನನ್ನ ಮ್ಯಾಲ ಕೇಸ್ ಹಾಕಬ್ಯಾಡ್ರಿ."

ಅಮೋಘಸಿದ್ದ: "ನನ್ನ ಟವೆಲ್ ವಾಪಸ್ ಕಳಸ್ರಿ ಸಾಹೇಬ್ರ."

ಉಳಿದವು ಬರೀ ನಗೆಯ ಮುಖ. ಈ ಸಲ ಎಣಿಸಲಿಲ್ಲ. ಸಿಟ್ಟು ನೆತ್ತಿಗೇರಿತು. ಮನೆಯ ಮಾತನ್ನು ಬಬಲೇಶ್ವರದವರೆಗೆ ಸಾರಿದ್ದಾಳೆ ಎಂದು ಅಡುಗೆಮನೆಗೆ ಹೋದೆ. ಎಣ್ಣೆ ಡಬ್ಬಿ ಕಟ್ಟೆಯ ಮೇಲೆ ಇತ್ತು. ಅವಳು ಒಂದು ತೂತಿನ ಮೇಲೆ ಬೆರಳಿಟ್ಟು ಡಬ್ಬಿ ಬಗ್ಗಿಸಿದಳು. ಎಣ್ಣೆ ನಾಲ್ಕು ಸಲ ಗುಟುಕು ಹಾಕಿ ನಿಂತಿತು. ಬೇವಿನ ಮರದ ಹತ್ತಿರ ಗಾಡಿ ನಿಂತದ್ದೂ ಥೇಟ್ ಹೀಗೇ. ಬೆರಳು ತೆಗೆದಳು, ಸುರಿಯಿತು.

"ಬಂಕಿನ್ಯಾಗ ಹೇಳಾಕ ಬಂದಿದ್ನಿ," ಎಂದಳು. "ಸುಮ್ಮ ಕುಂದ್ರು ಅಂದ್ರಿ."

ನನಗೆ ನಾಚಿಕೆಯಾಯಿತು. ಯಾರೂ ಓದದ ಪುಸ್ತಕ, ಬರೆದೇ ಬಿಡುತ್ತೇನೆ. ಗಾಡಿಯಲ್ಲಿ ದೋಷ ಇರಲೇ ಇಲ್ಲ. ಮೂರು ಸಲ ಸನ್ಮಾನ ಮಾಡಿಸಿಕೊಂಡ ಕೈಯಿಂದಲೇ ದೋಷ ಬಂದದ್ದು. ದೂರು ಪುಸ್ತಕದಲ್ಲಿ ವಾಹನದ ದೋಷಕ್ಕೆ ಮಾತ್ರ ಜಾಗವಿದೆ, ಡ್ರೈವರ್‌ನ ದೋಷಕ್ಕೆ ಗೆರೆಯನ್ನೇ ಹಾಕಿಲ್ಲ. ಅದನ್ನು ಇವತ್ತೇ ಗಮನಿಸಿದೆ.

18 ಡಿಸೆಂಬರ್, ಬುಧವಾರ

ತೇಪೆ ಕಿತ್ತೆ, ಟ್ಯೂಬಿನ ರಿಂಗು ಬಿಸಾಕಿದೆ. ಸಕ್ರವ್ವನ ಸೂಜಿಯಿಂದ ತೂತು ಸ್ವಚ್ಛ ಮಾಡಿದೆ. ಅಯೂಬನನ್ನು ಕೂರಿಸಿಕೊಂಡು ಬಿಜ್ಜರಗಿಯವರೆಗೆ ಹೋಗಿ ಬಂದೆ. ಎಲ್ಲಿಯೂ ನಿಲ್ಲಲಿಲ್ಲ. ಬೇವಿನ ಮರ ದಾಟುವಾಗ ನೀಲಾಬಾಯಿ ಚಹಾದ ಕಪ್ಪು ಹಿಡಿದು ಹೊರಗೆ ಬಂದವಳು ಹಾಗೇ ನಿಂತು ನೋಡುತ್ತಿದ್ದಳು. ಅಮೋಘಸಿದ್ದನ ಟವೆಲ್ ಒಗೆಸಿ, ಇಸ್ತ್ರಿ ಮಾಡಿಸಿ ಕೊಟ್ಟೆ.

ಸಕ್ರವ್ವ ಅಕ್ಕನಿಗೆ ಫೋನು ಮಾಡಿ ಬರುತ್ತೇವೆ ಎಂದಳು. ಹೊಳೆವ್ವ ನಂಬಲಿಲ್ಲವಂತೆ.

24 ಡಿಸೆಂಬರ್, ಮಂಗಳವಾರ

ಜೈನಾಪುರದ ಅಮರಪ್ಪ ಎಂಬವನು ಗುಂಪಿಗೆ ಹೊಸದಾಗಿ ಸೇರಿದ್ದಾನೆ. ಗಾಡಿ ವಿಪರೀತ ಕಾಯುತ್ತದೆ ಎಂದು ಬರೆದಿದ್ದ. ಎಲ್ಲರೂ ರೇಡಿಯೇಟರ್, ವಾಟರ್ ಪಂಪು ಎಂದು ಶುರು ಹಚ್ಚಿಕೊಂಡರು. ನಾನು ಫೋನು ಮಾಡಿ, "ಯಾವಾಗಿನಿಂದ ಕಾಯ್ತೈತಿ? ಅದಕ್ಕಿಂತ ಮೊದಲು ಗಾಡಿಗಿ ಹೊಸದೇನರ ಹಚ್ಚೀರೇನು?" ಎಂದೆ. ಏನೂ ಇಲ್ಲ ಎಂದ. "ಮನ್ಯಾಗ ಕೇಳಿ ಹೇಳ್ರಿ," ಎಂದೆ. ಹತ್ತು ನಿಮಿಷಕ್ಕೆ ಮರಳಿ ಫೋನು ಬಂತು. ಮಗಳ ಹೆಸರು ಬರೆಸಿದ ದೊಡ್ಡ ಫಲಕವನ್ನು ಮುಂದಿನ ಜಾಲರಿಗೆ ಅಡ್ಡ ಕಟ್ಟಿದ್ದಾನಂತೆ. ನೆನಪು ಮಾಡಿದ್ದು ಹೆಂಡತಿ. ಫಲಕ ಬಿಚ್ಚಿದ, ಕಾಯುವುದು ನಿಂತಿತು.

ಮಧ್ಯಾಹ್ನ ಸಕ್ರವ್ವ ಶೇಂಗಾದ ಹೋಳಿಗೆಗೆ ಎಷ್ಟು ಬೆಲ್ಲ ಬೇಕು ಎಂದು ಲೆಕ್ಕ ಹಾಕುತ್ತಿದ್ದಳು. ನಾನೂ ಕುಳಿತು ಕೇಳಿದೆ.

30 ಡಿಸೆಂಬರ್, ಸೋಮವಾರ. ಎಳ್ಳಮಾವಾಸ್ಯೆ

ನಸುಕಿನಲ್ಲೇ ಎದ್ದು ಬುತ್ತಿ ಕಟ್ಟಿದಳು. ಸಜ್ಜೆ ರೊಟ್ಟಿ, ಎಣ್ಣೆಗಾಯಿ ಪಲ್ಲೆ, ಭರ್ತ, ಹೋಳಿಗೆ. ಡಬ್ಬಿಗಳಿಂದ ಹಿಂದಿನ ಸೀಟು ತುಂಬಿಹೋಯಿತು. "ಮುಂದ ಬಾ," ಎಂದೆ. ಮುಂದೆ ಕುಳಿತು ಬಾಗಿಲು ಹಾಕಿಕೊಂಡು, "ಇಲ್ಲಿಂದ ದಾರಿ ಎಷ್ಟ ಚಂದ ಕಾಣ್ತೈತ್ರಿ," ಎಂದಳು. ಆಮೇಲೆ ನನ್ನನ್ನು ನೋಡಿದಳು. "ಮಾತಾಡಬಹುದೇನು? ಬೋರ್ಡ್ ಗೀರ್ಡ್ ಐತೇನು?"

"ಬೋರ್ಡ್ ಡಿಪೋದಾಗ ಬಿಟ್ಟ ಬಂದೇನಿ," ಎಂದೆ.

ಅಲ್ಲಿಂದ ಕನಮಡಿಯವರೆಗೆ ಮಾತು. ನೀಲಾಬಾಯಿಯ ಸೊಸೆಗೆ ಗಂಡು ಮಗು. ಹೊಳೆವ್ವ ಚಿಕ್ಕವಳಿದ್ದಾಗ ಚರಗ ಚೆಲ್ಲುವಾಗ ಬಾವಿಗೆ ಬೀಳುವುದರಲ್ಲಿದ್ದಳಂತೆ, ಇವಳೇ ಜಡೆ ಹಿಡಿದು ಎಳೆದಳಂತೆ. ಮದುವೆಯಾದ ಹೊಸದರಲ್ಲಿ ನನ್ನ ಬಸ್ಸಿನಲ್ಲಿ ಕನಮಡಿಗೆ ಹೋಗುವಾಗ, ಕನ್ನಡಿಯಲ್ಲಿ ನಾನು ಒಮ್ಮೆಯಾದರೂ ತನ್ನನ್ನು ನೋಡುತ್ತೇನೋ ಎಂದು ದಾರಿ ಪೂರ್ತಿ ಕಾಯುತ್ತಿದ್ದಳಂತೆ. ನಾನು ರಸ್ತೆಯನ್ನೇ ನೋಡುತ್ತಿದ್ದೆನಂತೆ. ಇದು ಮೂವತ್ತು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಬೇವಿನ ಮರ ಯಾವಾಗ ದಾಟಿತೋ ಗೊತ್ತಾಗಲಿಲ್ಲ.

ಹೊಳೆವ್ವ ಕನಮಡಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಳು. ಕಾರು ಬರುತ್ತದೆ ಎಂದು ನಂಬದೆ, ಬಸ್ಸಿನ ದಾರಿ ನೋಡುತ್ತಿದ್ದಳು. ಅವಳ ಮುಂದೆಯೇ ನಿಲ್ಲಿಸಿದೆ. ಸಕ್ರವ್ವ ಯಾರ ಕೈಯನ್ನೂ ಹಿಡಿಯದೆ ಕೆಳಗಿಳಿದಳು. ಹೊಳೆವ್ವ ತಂಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ಎಷ್ಟ ಸೊರಗೀದಿ ಬೇ," ಎಂದು ಅತ್ತಳು. ಸಕ್ರವ್ವ ಈ ಎರಡು ವರ್ಷದಲ್ಲಿ ದಪ್ಪಗಾಗಿದ್ದಾಳೆ, ಆದರೆ ನಾನು ನಡುವೆ ಬಾಯಿ ಹಾಕಲಿಲ್ಲ. ಹೊಲದಲ್ಲಿ ಅಕ್ಕತಂಗಿ ಜೋಳದ ಸಾಲಿನ ನಡುವೆ ಚರಗ ಚೆಲ್ಲುತ್ತಾ ಹೋದರು. ಒಬ್ಬಳು ಕುಂಟುತ್ತಾಳೆ, ಒಬ್ಬಳಿಗೆ ಕಣ್ಣು ಮಂದ. ಇಬ್ಬರ ನಗು ಮಾತ್ರ ಬದುವಿನವರೆಗೆ ಕೇಳುತ್ತಿತ್ತು. ಕೇಳುತ್ತ ಕುಳಿತವನು ಮೂರು ಹೋಳಿಗೆ ಹೆಚ್ಚು ತಿಂದೆ.

ಬಿಸಿಲು ಇಳಿಯುವಾಗ ಹೊರಟೆವು. ಟಿಕೋಟಾ ದಾಟಿದ ಮೇಲೆ ಸಕ್ರವ್ವ ಒಮ್ಮೆಲೆ, "ನಿಲ್ಲಸ್ರಿ, ನಿಲ್ಲಸ್ರಿ," ಎಂದಳು.

ನಾನು ಬ್ರೇಕಿನ ಮೇಲೆ ಕಾಲಿಟ್ಟೆ. "ಏನ ಸಪ್ಪಳಾತು? ನನಗ ಕೇಳಿಸಲಿಲ್ಲಲ್ಲ."

"ಸಪ್ಪಳ ಏನೂ ಇಲ್ಲ. ಬೇವಿನ ಗಿಡ ಬಂತು. ನಾವು ಇಲ್ಲೇ ಅಲ್ಲೇನ್ರಿ ಚಾ ಕುಡಿಯೂದು?"

ನಿಲ್ಲಿಸಿದೆ. ನೀಲಾಬಾಯಿ, "ಮತ್ತ ಕೆಟ್ಟತೇನ್ರಿ?" ಎಂದು ಕನಿಕರದಿಂದ ಓಡಿ ಬಂದಳು. ಅದೇ ಕಲ್ಲಿನ ಮೇಲೆ ಅರ್ಧ ಗಂಟೆ ಕುಳಿತೆವು.

ದೂರು: ಇಲ್ಲ. ಟಿಕೋಟಾ ಹತ್ತಿರ ಅರ್ಧ ಗಂಟೆ ನಿಂತಿದೆ. ಸರಿಪಡಿಸುವುದು ಬೇಡ.